ಹುಟ್ಟಿದ್ದೆಲ್ಲಿ, ಮಣ್ಣಾದದ್ದೆಲ್ಲಿ: ಅಮೆರಿಕದ ರಾಜಕಾರಣಿಗಳ ಮೂರು ಜೀವನ ದಾಖಲೆಗಳ ವಿಮರ್ಶೆ

ಅಮೆರಿಕದ ಒಬ್ಬ ರಾಜಕಾರಣಿಯ ಬಗ್ಗೆ ಕನ್ನಡದಲ್ಲಿ ಹತ್ತು ಸಾಲು ಬರೆಯಲು ಕೂತರೆ ಹುಟ್ಟು, ಓದು, ಹುದ್ದೆ ಇವನ್ನೆಲ್ಲ ಹೇಗೋ ಹೊಂದಿಸಿಬಿಡಬಹುದು. ಎಡವುವುದು ಕೊನೆಯ ಸಾಲಿನಲ್ಲಿ. ಎಲ್ಲಿ ತೀರಿಕೊಂಡರು, ಎಲ್ಲಿ ಮಣ್ಣು ಮಾಡಿದರು ಅನ್ನುವಲ್ಲಿ ಊರುಗಳು ಅದಲುಬದಲಾಗುತ್ತವೆ, ಬರಿಯ ಸ್ಮಾರಕ ಸಮಾಧಿಯಾಗಿಬಿಡುತ್ತದೆ, ಅಜ್ಜನ ಗೋರಿ ಮೊಮ್ಮಗನ ಹೆಸರಿಗೆ ಅಂಟಿಕೊಳ್ಳುತ್ತದೆ. ಹುದ್ದೆಗೆ ಸರ್ಕಾರಿ ಕಡತ ಇರುತ್ತದೆ. ಸಮಾಧಿಗೆ ಚರ್ಚಿನ ಪುಸ್ತಕ, ಊರ ಪತ್ರಿಕೆ, ಕಲ್ಲಿನ ಮೇಲಿನ ಬರಹ ಇಷ್ಟೇ ಆಧಾರ. ಆದ್ದರಿಂದ ಒಂದು ಜೀವನ ದಾಖಲೆ ಎಷ್ಟು ಗಟ್ಟಿ ಅಂತ ನೋಡಲು ಅದರ ಕೊನೆಯ ಸಾಲೇ ಒಳ್ಳೆಯ ಒರೆಗಲ್ಲು. ಈ ವಿಮರ್ಶೆಯಲ್ಲಿ ಮೂರು ದಾಖಲೆಗಳನ್ನೂ ಅದೇ ಕಲ್ಲಿಗೆ ಉಜ್ಜಿ ನೋಡಿದೆ.

ಮೈಸೂರು, ಮಂಡ್ಯದ ಕಡೆ ಇವು ಬೇಕಾಗುವ ಜನ ಕಡಿಮೆಯೇನಿಲ್ಲ. ಮಾನಸಗಂಗೋತ್ರಿಯಲ್ಲಿ ರಾಜ್ಯಶಾಸ್ತ್ರ, ಇತಿಹಾಸ ಓದುವವರಿದ್ದಾರೆ. ಕನ್ನಡ ವಿಕಿಪೀಡಿಯಕ್ಕೆ ಲೇಖನ ಸೇರಿಸುವವರಿದ್ದಾರೆ. ಮಗನ ಮನೆಗೋ ಮಗಳ ಬಾಣಂತನಕ್ಕೋ ಅಂತ ಆರು ತಿಂಗಳು ಅಮೆರಿಕಕ್ಕೆ ಹೋಗಿ, ರಜೆಯ ದಿನ ಲಿಂಕನ್ ಸಮಾಧಿ, ಕೆನಡಿ ಸಮಾಧಿ ನೋಡಿಬರಬೇಕು ಅನ್ನುವ ಕುವೆಂಪುನಗರದ, ಮಂಡ್ಯದ ವಿದ್ಯಾನಗರದ ನಿವೃತ್ತ ಮೇಷ್ಟ್ರುಗಳಿದ್ದಾರೆ. ಮೂರು ತರದ ಜನಕ್ಕೂ ಒಂದೇ ದಾಖಲೆ ಸಾಲದು.

ಮೊದಲನೆಯದು ಅಮೆರಿಕದ ಸಂಸತ್ತೇ ನಡೆಸುವ ಬಯಾಗ್ರಾಫಿಕಲ್ ಡೈರೆಕ್ಟರಿ. ಬಳಸುವವರ ಬಾಯಲ್ಲಿ ಬಯೋಗೈಡ್. ಎರಡನೆಯದು ಪೊಲಿಟಿಕಲ್ ಗ್ರೇವ್‌ಯಾರ್ಡ್, ಮಿಷಿಗನ್‌ನ ಲಾರೆನ್ಸ್ ಕೆಸ್ಟೆನ್‌ಬಾಮ್ 1996ರಲ್ಲಿ ಶುರುಮಾಡಿದ್ದು. ಮೂರನೆಯದು ಫೈಂಡ್ ಎ ಗ್ರೇವ್, 1995ರಲ್ಲಿ ಜಿಮ್ ಟಿಪ್ಟನ್ ಶುರುಮಾಡಿ 2013ರಿಂದ ಆನ್ಸೆಸ್ಟ್ರಿ ಕಂಪನಿಯ ಕೈಯಲ್ಲಿರುವುದು. ಓದಲು ಮೂರಕ್ಕೂ ದುಡ್ಡು ಕೊಡಬೇಕಿಲ್ಲ.

ಬಯೋಗೈಡಿನ ಬೇರು ತುಂಬ ಹಳೆಯದು. ಚಾರ್ಲ್ಸ್ ಲ್ಯಾನ್‌ಮನ್ ಅನ್ನುವವರು 1859ರಲ್ಲೇ ಕಾಂಗ್ರೆಸ್ (ಅಂದರೆ ಅಮೆರಿಕದ ಸಂಸತ್ತು) ಸದಸ್ಯರ ನಿಘಂಟೊಂದನ್ನು ಅಚ್ಚು ಹಾಕಿಸಿದರು. ಆಮೇಲೆ ಸರ್ಕಾರವೇ ಆ ಕೆಲಸವನ್ನು ಕೈಗೆ ತೆಗೆದುಕೊಂಡು ಪರಿಷ್ಕರಿಸುತ್ತ ಬಂತು. ಕೊನೆಯ ಮುದ್ರಿತ ಆವೃತ್ತಿ 1774ರಿಂದ 2005ರವರೆಗಿನದು. 1998ರಿಂದ ಜಾಲದಲ್ಲಿ ಸಿಗುತ್ತಿದೆ. ಪ್ರತಿನಿಧಿ ಸಭೆಯ ಇತಿಹಾಸಕಾರರ ಕಚೇರಿ, ಸೆನೆಟ್‌ನ ಇತಿಹಾಸ ಕಚೇರಿ ಎರಡೂ ಸೇರಿ ನೋಡಿಕೊಳ್ಳುತ್ತವೆ. 1774ರ ಕಾಂಟಿನೆಂಟಲ್ ಕಾಂಗ್ರೆಸ್ಸಿನಿಂದ ಇವತ್ತಿನವರೆಗೆ 12,000ಕ್ಕೂ ಹೆಚ್ಚು ಜನರ ದಾಖಲೆ ಅಲ್ಲಿದೆ.

ಒಬ್ಬೊಬ್ಬರ ದಾಖಲೆಯೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಇರುತ್ತದೆ. ಮೊದಲು ಮನೆತನದ ಹೆಸರು, ಆಮೇಲೆ ಇಟ್ಟ ಹೆಸರು, ರಾಜಕೀಯದಲ್ಲಿದ್ದ ನೆಂಟರು, ಯಾವ ರಾಜ್ಯದಿಂದ ಬಂದವರು, ಹುಟ್ಟಿದ ಊರು ಮತ್ತು ತಾರೀಕು, ಓದು, ಕಸುಬು, ಸೈನ್ಯದ ಸೇವೆ, ಆಯ್ಕೆಯಾದ ಕಾಂಗ್ರೆಸ್ಸುಗಳು (ಎರಡೆರಡು ವರ್ಷದ ಅವಧಿಗೆ ಒಂದೊಂದು ಅಂಕಿ), ಗೆದ್ದದ್ದು, ಸೋತದ್ದು, ತೀರಿಕೊಂಡ ಊರು, ಕೊನೆಗೆ ಮಣ್ಣು ಮಾಡಿದ ಸ್ಮಶಾನ. ಇಡೀ ಬದುಕು ಅರ್ಧವಿರಾಮಗಳಲ್ಲಿ ಕಟ್ಟಿದ ಒಂದೇ ವಾಕ್ಯ. ಓದಲು ಒಣಕಲು ಅನ್ನಿಸಬಹುದು. ಆದರೆ ದಾಖಲೆಗೆ ಇದಕ್ಕಿಂತ ಒಳ್ಳೆಯ ರೂಪ ಸಿಗುವುದು ಕಷ್ಟ. ಹೊಗಳಿಕೆಗೆ ಜಾಗವಿಲ್ಲ, ತೆಗಳಿಕೆಗೂ ಇಲ್ಲ, ಒಂದು ಕೊಂಡಿ ಬಿಟ್ಟುಹೋದರೆ ಕಣ್ಣಿಗೆ ಹೊಡೆದು ಕಾಣುತ್ತದೆ.

ಈ ಅಚ್ಚಿನ ಮಾತುಗಳನ್ನು ಕನ್ನಡಕ್ಕೆ ತರುವಾಗ ಆಗುವ ತಪ್ಪುಗಳೇ ಹೆಚ್ಚು, ಅವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 'ಅಡ್ಮಿಟೆಡ್ ಟು ದಿ ಬಾರ್' ಅಂದರೆ ವಕೀಲಿ ಸನ್ನದು ಸಿಕ್ಕಿತು ಅಂತ. ಕಾನೂನು ಕಾಲೇಜಿಗೆ ಸೇರಿದರು ಅಂತಲ್ಲ. ಲಿಂಕನ್ ಕಾನೂನು ಕಾಲೇಜಿನ ಮೆಟ್ಟಿಲು ಹತ್ತಿದವರೇ ಅಲ್ಲ, ಪುಸ್ತಕ ಓದಿಕೊಂಡೇ 1836ರಲ್ಲಿ ಸನ್ನದು ಪಡೆದರು. ಸೋಲಿನ ವಿಷಯದಲ್ಲಿ ಮೂರು ಬೇರೆ ಬೇರೆ ಮಾತುಗಳಿವೆ. 'ರಿನಾಮಿನೇಷನ್'ನಲ್ಲಿ ವಿಫಲ ಅಂದರೆ ಸ್ವಂತ ಪಕ್ಷದೊಳಗೇ ಸೋತು ಟಿಕೆಟ್ ಕೈತಪ್ಪಿತು. 'ರಿಎಲೆಕ್ಷನ್'ನಲ್ಲಿ ವಿಫಲ ಅಂದರೆ ಟಿಕೆಟ್ ಸಿಕ್ಕಿತು, ಜನ ಸೋಲಿಸಿದರು. 'ಕ್ಯಾಂಡಿಡೇಟ್ ಆಗಿರಲಿಲ್ಲ' ಅಂದರೆ ನಿಲ್ಲಲೇ ಇಲ್ಲ. ಮಂಡ್ಯದ ಯಾವ ಹೋಟೆಲಿನಲ್ಲಿ ಕೂತು ಚುನಾವಣೆ ಮಾತಾಡುವವರಿಗಾದರೂ ಈ ಮೂರರ ವ್ಯತ್ಯಾಸ ಗೊತ್ತು. ಅನುವಾದದಲ್ಲಿ ಮಾತ್ರ ಮೂರೂ 'ಸೋತರು' ಆಗಿಬಿಡುತ್ತದೆ. ಲಿಂಕನ್ 1848ರಲ್ಲಿ ಸೋಲಲಿಲ್ಲ, ಮತ್ತೆ ಟಿಕೆಟ್ ಕೇಳಲಿಲ್ಲ.

ಇನ್ನೊಂದು ಗುಂಡಿ 'ಟು ಸಕ್ಸೀಡಿಂಗ್ ಕಾಂಗ್ರೆಸಸ್'. '85ನೆಯ ಮತ್ತು ನಂತರದ ಎರಡು ಕಾಂಗ್ರೆಸ್ಸುಗಳಿಗೆ ಆಯ್ಕೆ' ಅಂದರೆ ಒಟ್ಟು ಮೂರು ಅವಧಿ, ಎರಡಲ್ಲ. ಕಾಂಗ್ರೆಸ್ಸಿನ ಅಂಕಿಯನ್ನು ಇಸವಿಗೆ ತಿರುಗಿಸಲು ಸುಲಭ ಲೆಕ್ಕವಿದೆ. ಅವಧಿ ಶುರುವಾದ ಇಸವಿಯಿಂದ 1787 ಕಳೆದು ಎರಡರಿಂದ ಭಾಗಿಸಿ. 1957ರಿಂದ 1787 ಕಳೆದರೆ 170, ಅದರ ಅರ್ಧ 85. 1847ಕ್ಕೆ ಹೀಗೇ ಮಾಡಿದರೆ 30, ಅದೇ ಲಿಂಕನ್ ಕೂತಿದ್ದ ಕಾಂಗ್ರೆಸ್. ದಾಖಲೆಯಲ್ಲಿ ಅಂಕಿ ಒಂದು ಹೇಳಿ ತಾರೀಕು ಇನ್ನೊಂದು ಹೇಳಿದರೆ ಈ ಲೆಕ್ಕದಲ್ಲಿ ಕೂಡಲೇ ಸಿಕ್ಕಿಬೀಳುತ್ತದೆ. ತಾರೀಕಿನಲ್ಲೂ ಒಂದು ಎಚ್ಚರ: ಹಿಂದೆ ಅವಧಿ ಮಾರ್ಚ್ 4ಕ್ಕೆ ಶುರುವಾಗುತ್ತಿತ್ತು, 1933ರಲ್ಲಿ ಬಂದ ಸಂವಿಧಾನದ 20ನೆಯ ತಿದ್ದುಪಡಿಯ ಮೇಲೆ ಜನವರಿ 3 ಆಯಿತು. ಹಳೆಯ ಕಾಲದವರಿಗೆ ಜನವರಿ 3 ಅಂತ ಹಾಕಿದ್ದರೆ ಯಾರೋ ಕಣ್ಣು ಮುಚ್ಚಿಕೊಂಡು ತುಂಬಿದ್ದಾರೆ ಅಂತಲೇ ಅರ್ಥ.

ಪ್ರತಿಯೊಬ್ಬರಿಗೂ ಒಂದು ಗುರುತಿನ ಸಂಖ್ಯೆಯಿದೆ: ಮನೆತನದ ಹೆಸರಿನ ಮೊದಲ ಅಕ್ಷರ, ಅದರ ಮುಂದೆ ಆರು ಅಂಕಿ. ಲಿಂಕನ್ನರದು ಎಲ್ 000313, ಜಾನ್ ಎಫ್. ಕೆನಡಿಯವರದು ಕೆ 000107. ಹೆಸರಿಗಿಂತ ಈ ಸಂಖ್ಯೆ ಬರೆದಿಟ್ಟುಕೊಳ್ಳುವುದು ಲೇಸು. ವಿಲಿಯಂ ಹೆನ್ರಿ ಹ್ಯಾರಿಸನ್ ಅಂತ ಹುಡುಕಿದರೆ 1841ರಲ್ಲಿ ಅಧಿಕಾರದಲ್ಲಿರುವಾಗಲೇ ತೀರಿಕೊಂಡ ಅಧ್ಯಕ್ಷರೂ ಬರುತ್ತಾರೆ, ಅದೇ ಹೆಸರಿಟ್ಟುಕೊಂಡು 20ನೆಯ ಶತಮಾನದಲ್ಲಿ ವಯೋಮಿಂಗ್‌ನಿಂದ ಗೆದ್ದ ಅವರ ವಂಶದವರೂ ಬರುತ್ತಾರೆ. ಸಂಖ್ಯೆ ಇದ್ದರೆ ಈ ಗೊಂದಲವೇ ಇಲ್ಲ. ವಿಕಿಪೀಡಿಯದ ಜೊತೆಗಿರುವ ಮಾಹಿತಿ ಕೋಶ ವಿಕಿಡೇಟಾದಲ್ಲಿ ಇದಕ್ಕೆ ಪಿ 1157 ಅನ್ನುವ ಗುಣವಿದೆ, ಫೈಂಡ್ ಎ ಗ್ರೇವ್ ಸಂಖ್ಯೆಗೆ ಪಿ 535, ಸಮಾಧಿಯ ಸ್ಥಳಕ್ಕೆ ಪಿ 119. ಕನ್ನಡ ವಿಕಿಪೀಡಿಯಕ್ಕೆ ಬರೆಯುವವರು ಈ ಮೂರನ್ನು ಮೊದಲು ನೋಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಬಯೋಗೈಡಿನ ಬರಹ ಅಮೆರಿಕದ ಸರ್ಕಾರಿ ನೌಕರರು ಕೆಲಸದ ಭಾಗವಾಗಿ ಬರೆದದ್ದು, ಹಾಗಾಗಿ ಅದಕ್ಕೆ ಅಲ್ಲಿ ಹಕ್ಕುಸ್ವಾಮ್ಯವಿಲ್ಲ. ಚಿತ್ರಗಳ ವಿಷಯ ಬೇರೆ, ಒಂದೊಂದರ ಮೂಲವನ್ನೂ ನೋಡಿಯೇ ಬಳಸಬೇಕು. ಇನ್ನು ಅದರ ಮಿತಿ ಏನೆಂದರೆ ಕಾಂಗ್ರೆಸ್ಸಿನ ಬಾಗಿಲು ದಾಟದವರಿಗೆ ಅಲ್ಲಿ ಜಾಗವಿಲ್ಲ. ರಾಜ್ಯಪಾಲರಾಗಿಯೇ ಉಳಿದವರು, ಮೇಯರ್‌ಗಳು, ರಾಜ್ಯ ಶಾಸಕರು ಅಲ್ಲಿ ಸಿಗುವುದಿಲ್ಲ.

ಆ ಕೊರತೆ ತುಂಬುವುದು ಪೊಲಿಟಿಕಲ್ ಗ್ರೇವ್‌ಯಾರ್ಡ್. ಮೂರು ಲಕ್ಷಕ್ಕೂ ಹೆಚ್ಚು ಜನರ ಹೆಸರು ಇಲ್ಲಿದೆ. ಮೇಯರ್, ನ್ಯಾಯಾಧೀಶ, ರಾಯಭಾರಿ, ಪಕ್ಷದ ಸಮಾವೇಶಕ್ಕೆ ಪ್ರತಿನಿಧಿಯಾಗಿ ಹೋದವರು ಎಲ್ಲರೂ ಸಿಗುತ್ತಾರೆ. ಹೆಚ್ಚುಕಡಿಮೆ ಬರಿಯ ಅಕ್ಷರಗಳ ಪುಟಗಳಾದ್ದರಿಂದ ಕೆ.ಆರ್. ಪೇಟೆ, ನಾಗಮಂಗಲದ ಹಳ್ಳಿಗಳಲ್ಲಿ ಸಿಗ್ನಲ್ ಎರಡು ಗೀಟಿಗೆ ಇಳಿದಾಗಲೂ ತೆರೆದುಕೊಳ್ಳುತ್ತವೆ. ಇದರ ನಿಜವಾದ ಬೆಲೆ ಇರುವುದು ತಿರುಗುಮುರುಗಿ ಹುಡುಕಾಟದಲ್ಲಿ. ರಾಜ್ಯ ಆರಿಸಿ, ಅದರೊಳಗೆ ಕೌಂಟಿ ಆರಿಸಿದರೆ, ಆ ಕೌಂಟಿಯ ಯಾವ ಸ್ಮಶಾನದಲ್ಲಿ ಯಾವ ಯಾವ ರಾಜಕಾರಣಿಗಳಿದ್ದಾರೆ ಅನ್ನುವ ಪಟ್ಟಿ ಸಿಗುತ್ತದೆ. ಕೌಂಟಿಯನ್ನು ನಮ್ಮ ಜಿಲ್ಲೆಯ ಹಾಗೆ ಅಂದುಕೊಂಡರೆ ಸಾಕು. ಮಗ ಇರುವ ಊರು ಯಾವ ಕೌಂಟಿ ಅಂತ ಗೊತ್ತಿದ್ದರೆ, ಸುತ್ತಮುತ್ತ ನೋಡಬಹುದಾದ ಸಮಾಧಿಗಳನ್ನು ಮೈಸೂರಿನಲ್ಲಿ ಕೂತೇ ಗುರುತು ಹಾಕಿಕೊಳ್ಳಬಹುದು. ರಾಜಕೀಯ ಮನೆತನಗಳ ಪಟ್ಟಿ, ದ್ವಂದ್ವಯುದ್ಧದಲ್ಲಿ ಸತ್ತವರ ಪಟ್ಟಿ, ಹೀಗೆ ಬೇರೆ ಬೇರೆ ಕೋನದ ಪಟ್ಟಿಗಳೂ ಇವೆ. 1804ರಲ್ಲಿ ಆಗಿನ ಉಪಾಧ್ಯಕ್ಷ ಏರನ್ ಬರ್ ಗುಂಡಿಗೆ ಸಿಕ್ಕ ಅಲೆಕ್ಸಾಂಡರ್ ಹ್ಯಾಮಿಲ್ಟನ್ ನ್ಯೂಯಾರ್ಕಿನ ಟ್ರಿನಿಟಿ ಚರ್ಚಿನ ಅಂಗಳದಲ್ಲಿದ್ದರೆ, ಗುಂಡು ಹೊಡೆದ ಬರ್ ನ್ಯೂಜೆರ್ಸಿಯ ಪ್ರಿನ್ಸ್‌ಟನ್ ಸ್ಮಶಾನದಲ್ಲಿದ್ದಾರೆ.

ಇಲ್ಲಿ ಓದುವಾಗ ಎರಡು ಕಡೆ ತಡೆದು ನಿಲ್ಲಬೇಕು. ಒಂದು, ರಾಜ್ಯಗಳ ಹೆಸರು ಹಳೆಯ ಸಂಕ್ಷಿಪ್ತ ರೂಪದಲ್ಲಿವೆ. 'ಎಂ ಓ' ಮಿಸ್ಸೋರಿ, 'ಎಂ ಡಿ' ಮೇರಿಲ್ಯಾಂಡ್, 'ಮಿಸ್' ಅಂದರೆ ಮಿಸ್ಸಿಸಿಪ್ಪಿ. ಮಿಸ್ಸೋರಿಗೂ ಮಿಸ್ಸಿಸಿಪ್ಪಿಗೂ ಅದಲುಬದಲಾದರೆ ಸಮಾಧಿ ನೂರಾರು ಮೈಲಿ ಜರುಗಿಬಿಡುತ್ತದೆ. ಎರಡು, 'ಇಂಥ ಇಸವಿಯ ಹೊತ್ತಿಗೆ ಬದುಕಿದ್ದರು' ಅನ್ನುವ ಷರಾ. ದಾಖಲೆ ಕೊನೆಯ ಸಲ ತಿದ್ದಿದಾಗ ಬದುಕಿದ್ದರು ಅಂತ ಅದರ ಅರ್ಥ, ಇವತ್ತಿಗೂ ಇದ್ದಾರೆ ಅಂತಲ್ಲ. ಇದನ್ನು ನಂಬಿ ಲೇಖನದಲ್ಲಿ 'ಇದ್ದಾರೆ' ಅಂತ ಬರೆಯಬೇಡಿ. ನೀವು ಬರೆಯುವ ವಾರದ ಪತ್ರಿಕೆಯನ್ನೋ ಬಯೋಗೈಡನ್ನೋ ನೋಡಿ.

ಫೈಂಡ್ ಎ ಗ್ರೇವ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದರ ಶಕ್ತಿ ಒಂದೇ, ಕಲ್ಲಿನ ಫೋಟೋ. ಸ್ವಯಂಸೇವಕರು ಸ್ಮಶಾನಕ್ಕೆ ಹೋಗಿ ತೆಗೆದ ಚಿತ್ರ, ಎಷ್ಟೋ ಕಡೆ ಸೆಕ್ಷನ್ ಸಂಖ್ಯೆ, ನಕ್ಷೆಯ ಗುರುತು ಎಲ್ಲ ಸಿಗುತ್ತದೆ. ಫೋಟೋ ಇಲ್ಲದಿದ್ದರೆ ಆ ಊರಿನ ಸ್ವಯಂಸೇವಕರಿಗೆ ಕೋರಿಕೆ ಕಳಿಸಬಹುದು, ಅದಕ್ಕೆ ಖಾತೆ ತೆರೆಯಬೇಕು. ಅಪ್ಪ, ಅಮ್ಮ, ಮಕ್ಕಳು ಅಂತ ಕೊಟ್ಟಿರುವ ವಂಶಾವಳಿಯನ್ನು ಯಾರು ಬೇಕಾದರೂ ಜೋಡಿಸಿರಬಹುದು. ಆಧಾರ ಇಲ್ಲದ ಕೊಂಡಿಯನ್ನು ಎತ್ತಿಕೊಳ್ಳಬಾರದು. ಫೋಟೋ ತೆಗೆದವರದೇ ಹಕ್ಕು, ಹಾಗಾಗಿ ಅದನ್ನು ಇಳಿಸಿಕೊಂಡು ವಿಕಿಪೀಡಿಯದ ಚಿತ್ರಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಏರಿಸಿದರೆ ಅಳಿಸಿಹಾಕುತ್ತಾರೆ.

ಈಗ ಒರೆಗಲ್ಲಿನ ವಿಷಯಕ್ಕೆ ಬರೋಣ. ಕೊನೆಯ ಸಾಲು ತಪ್ಪುವ ಮುಖ್ಯ ಕಾರಣ ಖಾಲಿ ಸ್ಮಾರಕ. ವಾಷಿಂಗ್ಟನ್ ನಗರದಲ್ಲಿ 1807ರಲ್ಲಿ ಶುರುವಾದ ಕಾಂಗ್ರೆಷನಲ್ ಸ್ಮಶಾನದಲ್ಲಿ ಮರಳುಗಲ್ಲಿನ, ಒಂದೇ ಆಕಾರದ, ಚೌಕನೆಯ ಸ್ಮಾರಕಗಳು 160ಕ್ಕೂ ಹೆಚ್ಚಿವೆ. ಅಧಿಕಾರದಲ್ಲಿರುವಾಗ ತೀರಿಕೊಂಡ ಸದಸ್ಯರ ಹೆಸರು ಅವುಗಳ ಮೇಲಿದೆ. ಆದರೆ ಹೆಚ್ಚಿನವುಗಳ ಕೆಳಗೆ ದೇಹವಿಲ್ಲ, ಅವರನ್ನು ಸ್ವಂತ ಊರಿಗೆ ಒಯ್ದು ಮಣ್ಣು ಮಾಡಲಾಗಿದೆ. ಇಂಥದ್ದಕ್ಕೆ ಸೆನೊಟಾಫ್ ಅನ್ನುತ್ತಾರೆ. ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೊಡ್ಡ ಗಡಿಯಾರದ ಬಳಿಯ ಪುರಭವನ ರಂಗಾಚಾರ್ಲು ಸ್ಮಾರಕ ಭವನ. 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಕಟ್ಟಿದ ಆ ದಿವಾನರು 1883ರ ಜನವರಿಯಲ್ಲಿ ತೀರಿಕೊಂಡದ್ದು ಮದ್ರಾಸಿನಲ್ಲಿ. ಭವನ ನೋಡಿ ಅವರ ಕೊನೆ ಇಲ್ಲೇ ಆಯಿತು ಅಂತ ಯಾರೂ ಬರೆಯುವುದಿಲ್ಲ. ಕಾಂಗ್ರೆಷನಲ್ ಸ್ಮಶಾನದ ವಿಷಯದಲ್ಲಿ ಆಗುವುದು ಮಾತ್ರ ಅದೇ ತಪ್ಪು, ಯಾಕೆಂದರೆ ಹೆಸರು ಕೆತ್ತಿದ ಕಲ್ಲು ಸ್ಮಶಾನದೊಳಗೇ ನಿಂತಿದೆ. ಫೈಂಡ್ ಎ ಗ್ರೇವ್‌ನಲ್ಲಿ ಒಬ್ಬರಿಗೆ ಎರಡು ಪುಟ ಸಿಕ್ಕರೆ, ಯಾವುದರಲ್ಲಿ ಸೆನೊಟಾಫ್ ಅನ್ನುವ ಗುರುತಿದೆ ನೋಡಿ ಅದನ್ನು ಪಕ್ಕಕ್ಕಿಡಿ.

ದೇಹವೇ ಸಿಗದವರ ಕಥೆ ಇನ್ನೂ ಬೇರೆ. ಲೂಯಿಸಿಯಾನದ ಹೇಲ್ ಬಾಗ್ಸ್, ಅಲಾಸ್ಕಾದ ನಿಕ್ ಬೆಗಿಚ್ ಇಬ್ಬರೂ 1972ರ ಅಕ್ಟೋಬರ್ 16ರಂದು ಆಂಕರೇಜ್‌ನಿಂದ ಜೂನೋಗೆ ಹೊರಟ ಸಣ್ಣ ವಿಮಾನದಲ್ಲಿದ್ದರು. ವಿಮಾನ ಇವತ್ತಿಗೂ ಸಿಕ್ಕಿಲ್ಲ. ಕಾಣೆಯಾಗಿದ್ದಾಗಲೇ ನವೆಂಬರ್ ಚುನಾವಣೆಯಲ್ಲಿ ಇಬ್ಬರೂ ಗೆದ್ದರು. ಇಬ್ಬರಿಗೂ ಕಾಂಗ್ರೆಷನಲ್ ಸ್ಮಶಾನದಲ್ಲಿ ಸ್ಮಾರಕವಿದೆ. ಇಂಥವರ ದಾಖಲೆಯಲ್ಲಿ ಸಮಾಧಿಯ ಜಾಗ ಖಾಲಿ ಇರಬೇಕು. ಅಲ್ಲಿ ಏನೋ ತುಂಬಿದ್ದರೆ ಆ ದಾಖಲೆಯ ಮೇಲೆ ಅನುಮಾನ ಪಡಿ.

ಇನ್ನೊಂದು ಕಾರಣ ಎತ್ತಂಗಡಿ. ಹೈದರಾಲಿಯನ್ನು ಮೊದಲು ಕೋಲಾರದಲ್ಲಿ ಇಟ್ಟು ಆಮೇಲೆ ಶ್ರೀರಂಗಪಟ್ಟಣದ ಗುಂಬಜ್‌ಗೆ ತಂದದ್ದು ನಮ್ಮ ಕಡೆ ಗೊತ್ತಿರುವ ಸಂಗತಿ. ಅಮೆರಿಕದಲ್ಲೂ ಇದು ಹಲವು ಸಲ ನಡೆದಿದೆ. ಅಧ್ಯಕ್ಷರಾಗಿದ್ದ ಜೇಮ್ಸ್ ಮನ್ರೋ 1831ರ ಜುಲೈ 4ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡು ಅಲ್ಲೇ ಮಣ್ಣಾದರು, 1858ರಲ್ಲಿ ವರ್ಜೀನಿಯದ ರಿಚ್ಮಂಡ್‌ಗೆ ತಂದರು. ಇನ್ನೊಬ್ಬ ಅಧ್ಯಕ್ಷ ಜೇಮ್ಸ್ ಪೋಕ್ ನ್ಯಾಶ್‌ವಿಲ್‌ನಲ್ಲೇ ಮೂರು ಜಾಗ ಬದಲಿಸಿದ್ದಾರೆ: ನಗರದ ಸ್ಮಶಾನ, ಆಮೇಲೆ ಸ್ವಂತ ಮನೆಯ ಅಂಗಳ, 1893ರಲ್ಲಿ ಟೆನ್ನೆಸ್ಸಿಯ ಶಾಸನಭವನದ ಆವರಣ. ಕಾಂಗ್ರೆಷನಲ್ ಸ್ಮಶಾನದ ಸಾರ್ವಜನಿಕ ನೆಲಮಾಳಿಗೆ ಇಂಥವರಿಗೆ ತಂಗುದಾಣವಾಗಿತ್ತು. ವಿಲಿಯಂ ಹೆನ್ರಿ ಹ್ಯಾರಿಸನ್, ಜಾನ್ ಕ್ವಿನ್ಸಿ ಆಡಮ್ಸ್, ಜಕಾರಿ ಟೇಲರ್ ಮೂವರನ್ನೂ ಊರಿಗೆ ಸಾಗಿಸುವವರೆಗೆ ಅಲ್ಲಿ ಇಟ್ಟಿದ್ದರು. ಲಿಂಕನ್ ಇಲಿನಾಯ್‌ನ ಸ್ಪ್ರಿಂಗ್‌ಫೀಲ್ಡ್‌ನ ಓಕ್ ರಿಜ್ ಸ್ಮಶಾನದಲ್ಲಿದ್ದಾರೆ. 1876ರಲ್ಲಿ ಕಳ್ಳರು ಶವವನ್ನೇ ಕದಿಯಲು ಬಂದ ಮೇಲೆ ಪೆಟ್ಟಿಗೆಯನ್ನು ಹಲವು ಸಲ ಜರುಗಿಸಿ, 1901ರಲ್ಲಿ ಹತ್ತಡಿ ಆಳದಲ್ಲಿ ಕಾಂಕ್ರೀಟ್ ಹಾಕಿ ಮುಚ್ಚಿದರು. ಆರ್ಲಿಂಗ್ಟನ್ ಸ್ಮಶಾನದಲ್ಲಿ ಕೆನಡಿಯವರನ್ನೂ 1967ರ ಮಾರ್ಚ್‌ನಲ್ಲಿ ಮೊದಲಿನ ಜಾಗದಿಂದ ಪಕ್ಕದಲ್ಲೇ ಕಟ್ಟಿದ ಕಾಯಂ ಜಾಗಕ್ಕೆ ತಂದದ್ದು. ದಾಖಲೆಯಲ್ಲಿ 'ರಿಇಂಟರ್ಮೆಂಟ್' (ಎರಡನೆಯ ಸಲ ಮಣ್ಣು ಮಾಡಿದ್ದು) ಅಂತ ಕಂಡರೆ ಎರಡೂ ಜಾಗ, ಎರಡೂ ಇಸವಿ ಬರೆಯಬೇಕು. 1840ರ ಪತ್ರಿಕೆ ಒಂದು ಜಾಗ ಹೇಳಿ 1900ರ ಪುಸ್ತಕ ಇನ್ನೊಂದು ಹೇಳಿದರೆ ಎರಡೂ ಸರಿಯಿರಬಹುದು.

ಹೆಸರು ಒಂದೇ ಇರುವ ಸ್ಮಶಾನಗಳೂ ಕಾಡುತ್ತವೆ. ಮನ್ರೋ ಇರುವ ಸ್ಮಶಾನದ ಹೆಸರು ಹಾಲಿವುಡ್. ಸಿನಿಮಾದ ಹಾಲಿವುಡ್‌ಗೂ ಅದಕ್ಕೂ ಏನೂ ಸಂಬಂಧವಿಲ್ಲ. ಅದು ರಿಚ್ಮಂಡ್‌ನಲ್ಲಿ ಜೇಮ್ಸ್ ನದಿಯ ಮೇಲಿದೆ, ಜಾನ್ ಟೈಲರ್, ಜೆಫರ್ಸನ್ ಡೇವಿಸ್ ಅವರೂ ಅಲ್ಲೇ ಇದ್ದಾರೆ. ಫಾರೆಸ್ಟ್ ಲಾನ್ ಅನ್ನುವ ಹೆಸರು ಇನ್ನೂ ಮೋಸ. ಕಾಂಗ್ರೆಸ್ಸಿಗೆ ಗೆದ್ದ ಮೊದಲ ಕಪ್ಪು ಮಹಿಳೆ ಶರ್ಲಿ ಚಿಸಮ್ ಇರುವುದು ನ್ಯೂಯಾರ್ಕ್ ರಾಜ್ಯದ ಬಫಲೋ ಊರಿನ ಫಾರೆಸ್ಟ್ ಲಾನ್‌ನಲ್ಲಿ. ಕಾಂಗ್ರೆಸ್ಸಿಗೆ ಗೆದ್ದ ಮೊದಲ ಭಾರತೀಯ ದಲೀಪ್ ಸಿಂಗ್ ಸೌಂದ್ ಇರುವುದು ಕ್ಯಾಲಿಫೋರ್ನಿಯದ ಗ್ಲೆಂಡೇಲ್‌ನ ಫಾರೆಸ್ಟ್ ಲಾನ್‌ನಲ್ಲಿ. ನಡುವೆ ಇಡೀ ಅಮೆರಿಕವೇ ಇದೆ. ಸ್ಮಶಾನದ ಹೆಸರನ್ನು ಊರು, ರಾಜ್ಯ ಎರಡೂ ಸೇರಿಸದೆ ಯಾವತ್ತೂ ಬರೆಯಬೇಡಿ.

ಸೌಂದ್ ಅವರದನ್ನೇ ಉದಾಹರಣೆಗೆ ಹಿಡಿದು ಪೂರ್ತಿ ಮಾಡಿ ನೋಡೋಣ. ಬಯೋಗೈಡಿನಲ್ಲಿ ಮನೆತನದ ಹೆಸರು ಹಾಕಿ ತೆರೆಯಿರಿ, ಗುರುತಿನ ಸಂಖ್ಯೆ ಬರೆದುಕೊಳ್ಳಿ. ಹುಟ್ಟು 1899ರ ಸೆಪ್ಟೆಂಬರ್ 20, 1957ರ ಜನವರಿ 3ರಿಂದ 1963ರ ಜನವರಿ 3ರವರೆಗೆ ಪ್ರತಿನಿಧಿ ಸಭೆಯಲ್ಲಿ. ಲೆಕ್ಕ ಹಾಕಿದರೆ 85, 86, 87ನೆಯ ಕಾಂಗ್ರೆಸ್. 1962ರಲ್ಲಿ ಮರುಆಯ್ಕೆಯಲ್ಲಿ ಸೋತರು, ಅಂದರೆ ಟಿಕೆಟ್ ಇತ್ತು. ಆ ವರ್ಷ ಅವರಿಗೆ ಪಾರ್ಶ್ವವಾಯು ಬಡಿದಿತ್ತು ಅನ್ನುವ ಕಾರಣ ಬೇಕಿದ್ದರೆ ಬೇರೆ ಕಡೆ ಹುಡುಕಬೇಕು, ಈ ಅಚ್ಚಿನಲ್ಲಿ ಕಾರಣಗಳಿಗೆ ಜಾಗ ಕಡಿಮೆ. ಬರ್ಕ್ಲಿಯಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದವರು ರೈತರಾಗಿ ಯಾಕೆ ಬದುಕಿದರು ಅನ್ನುವುದಕ್ಕೂ ಹೊರಗಿನ ಓದು ಬೇಕು. 1946ರ ಲೂಸ್–ಸೆಲ್ಲರ್ ಕಾಯ್ದೆ ಬರುವವರೆಗೆ ಭಾರತೀಯರಿಗೆ ಅಲ್ಲಿ ಪೌರತ್ವದ ಬಾಗಿಲು ಮುಚ್ಚಿತ್ತು. ಅವರು ಪೌರರಾದದ್ದು 1949ರಲ್ಲಿ. ಸಾವು 1973ರ ಏಪ್ರಿಲ್ 22, ಊರು ಹಾಲಿವುಡ್, ಈ ಸಲ ನಿಜವಾಗಿಯೂ ಕ್ಯಾಲಿಫೋರ್ನಿಯದ್ದೇ. ಸಮಾಧಿ ಗ್ಲೆಂಡೇಲ್. ಇಷ್ಟಾದ ಮೇಲೆ ಪೊಲಿಟಿಕಲ್ ಗ್ರೇವ್‌ಯಾರ್ಡ್‌ನಲ್ಲಿ ಲಾಸ್ ಏಂಜಲೀಸ್ ಕೌಂಟಿ ತೆರೆದು ಹೋಲಿಸಿ, ಕೊನೆಗೆ ಕಲ್ಲಿನ ಫೋಟೋದಲ್ಲಿ ಇಸವಿ ನೋಡಿ. ಕೈ ಪಳಗಿದವರಿಗೆ ಒಬ್ಬರಿಗೆ 20 ನಿಮಿಷ ಸಾಕು.

ತಾರೀಕು ಬರೆಯುವ ಕ್ರಮ ಮರೆಯಬೇಡಿ. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಜಾನ್ ಆಡಮ್ಸ್, ಥಾಮಸ್ ಜೆಫರ್ಸನ್ ಇಬ್ಬರೂ ತೀರಿಕೊಂಡ 7/4/1826 ಅನ್ನುವುದು ಜುಲೈ 4, ಏಪ್ರಿಲ್ 7 ಅಲ್ಲ. ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆದರೆ ಈ ರಗಳೆಯಿಲ್ಲ. ಇನ್ನು ವಾಷಿಂಗ್ಟನ್ ಹುಟ್ಟಿದ ದಿನ ಹಳೆಯ ಪಂಚಾಂಗದಲ್ಲಿ 1731ರ ಫೆಬ್ರವರಿ 11, 1752ರಲ್ಲಿ ಪಂಚಾಂಗ ಬದಲಾದ ಮೇಲೆ ಎಣಿಸಿದರೆ 1732ರ ಫೆಬ್ರವರಿ 22. ಬಯೋಗೈಡ್ ಹೊಸದನ್ನೇ ಹಿಡಿಯುತ್ತದೆ, ನೀವೂ ಹಾಗೇ ಮಾಡಿ.

ಹುಟ್ಟಿದ ಊರಿನಲ್ಲಿ ಆಗ ಯಾವ ಆಡಳಿತವಿತ್ತು ಅನ್ನುವುದು ನಮಗೂ ಬರುವ ಪ್ರಶ್ನೆ. 2023ರ ಜನವರಿ 3ರಿಂದ ಮಿಷಿಗನ್‌ನ 13ನೆಯ ಕ್ಷೇತ್ರದ ಪ್ರತಿನಿಧಿಯಾಗಿರುವ ಶ್ರೀ ಠಾಣೇದಾರ್ ಹುಟ್ಟಿದ್ದು ಚಿಕ್ಕೋಡಿಯಲ್ಲಿ, 1955ರಲ್ಲಿ. ಇವತ್ತಿನ ಕರ್ನಾಟಕವೇ ಸರಿ, ಆದರೆ 1956ರ ನವೆಂಬರ್ 1ಕ್ಕೆ ಮುಂಚೆ ಅದು ಮುಂಬಯಿ ರಾಜ್ಯದಲ್ಲಿತ್ತು. 'ಅಂದಿನ ಮೈಸೂರು ರಾಜ್ಯ' ಅಂತ ಬರೆದರೆ ತಪ್ಪಾಗುತ್ತದೆ.

ನೋಡಲು ಹೋಗುವವರಿಗೆ ಕೆಲವು ಮಾತು. ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನಕ್ಕೆ ಪ್ರವೇಶ ಉಚಿತ. ವಾಷಿಂಗ್ಟನ್ ಮೆಟ್ರೋದ ನೀಲಿ ಮಾರ್ಗದಲ್ಲಿ ಅದೇ ಹೆಸರಿನ ನಿಲ್ದಾಣವಿದೆ. ಭದ್ರತಾ ತಪಾಸಣೆ ಇರುತ್ತದೆ, ಪಾಸ್‌ಪೋರ್ಟ್ ಜೊತೆಗಿರಲಿ. ಕೆನಡಿಯವರ ಸಮಾಧಿಯ ಜ್ಯೋತಿ ಇರುವುದು ಸೆಕ್ಷನ್ 45ರಲ್ಲಿ, ದಾರಿ ಏರು; ಮಂಡಿನೋವು ಇರುವವರು ದುಡ್ಡು ಕೊಟ್ಟು ಒಳಗಿನ ಟ್ರಾಮ್ ಹತ್ತುವುದು ಒಳ್ಳೆಯದು. ಬೇರೆ ಸಮಾಧಿ ಹುಡುಕಲು ಸ್ಮಶಾನದ್ದೇ ಎಎನ್‌ಸಿ ಎಕ್ಸ್‌ಪ್ಲೋರರ್ ಆ್ಯಪ್ ಇದೆ, ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮಲಗಿರುವ ಜಾಗದಲ್ಲಿ ಅದಿಲ್ಲದೆ ಆಗದು. ಅಲ್ಲಿರುವ ಅಧ್ಯಕ್ಷರು ಕೆನಡಿ, ಟಾಫ್ಟ್ ಇಬ್ಬರೇ. ಗ್ಲೆಂಡೇಲ್‌ನಲ್ಲಿ ಕಷ್ಟ ಬೇರೆ ತರದ್ದು: ಅಲ್ಲಿ ಹೆಚ್ಚಿನ ಕಲ್ಲುಗಳು ಎದ್ದು ನಿಲ್ಲುವುದಿಲ್ಲ, ಹುಲ್ಲಿನ ಮಟ್ಟಕ್ಕೆ ಮಲಗಿಸಿದ ಫಲಕಗಳು. ದೂರದಿಂದ ಬರಿಯ ಹುಲ್ಲುಗಾವಲು ಕಾಣುತ್ತದೆ. ಸೆಕ್ಷನ್ ಸಂಖ್ಯೆ ಮೊದಲೇ ಬರೆದುಕೊಂಡು, ಬಾಗಿಲ ಬಳಿ ಕೇಳಿಕೊಂಡೇ ಒಳಗೆ ಹೋಗಿ.

ಮೂರರಲ್ಲಿ ಒಂದನ್ನೇ ಆರಿಸು ಅಂದರೆ ನಮ್ಮ ಮತ ಬಯೋಗೈಡಿಗೆ. ಬರೆಯುವವರಿಗೆ ಅದು ಬೆನ್ನೆಲುಬು. ಪ್ರಯಾಣ ಹಾಕುವವರಿಗೆ ಗ್ರೇವ್‌ಯಾರ್ಡ್, ಅನುಮಾನ ಪರಿಹಾರಕ್ಕೆ ಕಲ್ಲಿನ ಫೋಟೋ.

ಆದರೆ ಈ ಕೆಲಸ ಮಾಡುವಾಗೆಲ್ಲ ಮನಸ್ಸಿಗೆ ಬರುವುದು ನಮ್ಮವರ ದಾಖಲೆ. ಮೈಸೂರು, ಮಂಡ್ಯದ ಶಾಸಕರು, ಸಂಸದರ ಬದುಕನ್ನು ಇದೇ ಅಚ್ಚಿನಲ್ಲಿ, ಕನ್ನಡದಲ್ಲಿ ಕಟ್ಟಬಹುದು, ಕಟ್ಟಬೇಕು. ಕೊನೆಯ ಸಾಲಿಗೆ ನಮಗೆ ಹೆಚ್ಚು ಮನೆಗಳು (ಕಾಲಂಗಳು) ಬೇಕಾಗುತ್ತವೆ ಅಷ್ಟೇ. ನಮ್ಮಲ್ಲಿ ಸ್ವಂತ ತೋಟದಲ್ಲಿ ಮಣ್ಣು ಮಾಡುವವರಿದ್ದಾರೆ, ಅಗ್ನಿಸಂಸ್ಕಾರ ಮಾಡುವವರಿದ್ದಾರೆ. ಅಸ್ಥಿ ಬಿಟ್ಟ ಜಾಗ ಬೇರೆಯೇ ಇರುತ್ತದೆ. ಗಾಂಧೀಜಿಯವರ ಚಿತಾಭಸ್ಮದ ಒಂದು ಪಾಲು 1948ರಲ್ಲಿ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಡಲಾಗಿದೆ. ಬಯೋಗೈಡ್ ಇದಕ್ಕೂ ದಾರಿ ತೋರಿಸುತ್ತದೆ. ಕಾಂಗ್ರೆಸ್ಸಿಗೆ ಗೆದ್ದ ಮೊದಲ ಮಹಿಳೆ ಜೆನೆಟ್ ರ್‍ಯಾಂಕಿನ್ 1973ರಲ್ಲಿ ತೀರಿಕೊಂಡಾಗ ದಹನ ಮಾಡಿ ಬೂದಿಯನ್ನು ಕ್ಯಾಲಿಫೋರ್ನಿಯದ ಕಡಲಿಗೆ ಬಿಟ್ಟರು. ದಾಖಲೆಯಲ್ಲಿ ಸ್ಮಶಾನದ ಜಾಗದಲ್ಲಿ ಕಡಲೇ ಇದೆ. ಹಾಗಾಗಿ ನಮ್ಮ ಅಚ್ಚಿನಲ್ಲಿ ತೀರಿಕೊಂಡ ಊರು, ಸಂಸ್ಕಾರದ ಬಗೆ, ಸಂಸ್ಕಾರದ ಜಾಗ, ಅಸ್ಥಿ ಬಿಟ್ಟ ಜಾಗ, ಸ್ಮಾರಕ ಇದ್ದರೆ ಅದು, ಈ ಐದು ಮನೆಗಳಿರಲಿ. ಗೊತ್ತಿಲ್ಲದ ಮನೆ ಖಾಲಿ ಇರಲಿ. 1960ರಲ್ಲಿ ಅಮೆರಿಕದಲ್ಲಿ ಓದುತ್ತಿದ್ದಾಗ ಕೆನಡಿಯವರ ಪರ ಪ್ರಚಾರ ಮಾಡಿದ್ದ ಮಂಡ್ಯದ ನಾಯಕರೊಬ್ಬರ ದಾಖಲೆ ಆ ಅಚ್ಚಿನಲ್ಲಿ ಹೀಗೆ ಬರುತ್ತದೆ:

ಕೃಷ್ಣ, ಸೋಮನಹಳ್ಳಿ ಮಲ್ಲಯ್ಯ. ಮಂಡ್ಯದಿಂದ ಲೋಕಸಭಾ ಸದಸ್ಯರು. ಜನನ ಮದ್ದೂರು ತಾಲ್ಲೂಕು ಸೋಮನಹಳ್ಳಿ, 1932 ಮೇ 1. ಶಿಕ್ಷಣ ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸರ್ಕಾರಿ ಕಾನೂನು ಕಾಲೇಜು, ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯ, ವಾಷಿಂಗ್ಟನ್ ನಗರದ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯ. 1962ರಲ್ಲಿ ಮದ್ದೂರಿನಿಂದ ಪಕ್ಷೇತರರಾಗಿ ಮೈಸೂರು ವಿಧಾನಸಭೆಗೆ ಆಯ್ಕೆ. 1968ರ ಉಪಚುನಾವಣೆಯಲ್ಲಿ ಲೋಕಸಭೆಗೆ ಆಯ್ಕೆ, 1971ರಲ್ಲಿ ಮರುಆಯ್ಕೆ. ಕರ್ನಾಟಕ ವಿಧಾನಸಭೆಯ ಸಭಾಧ್ಯಕ್ಷರು 1989–1993. ಮುಖ್ಯಮಂತ್ರಿ 1999 ಅಕ್ಟೋಬರ್ 11ರಿಂದ 2004 ಮೇ 28. ಮಹಾರಾಷ್ಟ್ರದ ರಾಜ್ಯಪಾಲರು 2004–2008. ವಿದೇಶಾಂಗ ಸಚಿವರು 2009–2012. ನಿಧನ ಬೆಂಗಳೂರು, 2024 ಡಿಸೆಂಬರ್ 10. ಅಗ್ನಿಸಂಸ್ಕಾರ ಸೋಮನಹಳ್ಳಿ, 2024 ಡಿಸೆಂಬರ್ 11.